ತರಬೇತಿಯುಂಟು, ಖರೀದಿದಾರ ಯಾರು?

ಕೊಪ್ಪಳ ತಾಲೂಕಿನ ಅಳವಂಡಿ ಹೋಬಳಿ ಮಳೆಯನ್ನೇ ನೆಚ್ಚಿಕೊಂಡ ಎರೆಭೂಮಿಯ ಸೀಮೆ. ಹಿಂಗಾರಿನ ರಾಶಿ ಮುಗಿದರೆ ಮುಂದಿನ ಬಿತ್ತನೆಯವರೆಗೆ ಕೃಷಿ ಕೂಲಿಕಾರ ಮಹಿಳೆಯರಿಗೆ ಹೊಲದ ಕೆಲಸ ವಿರಳ. ಈ ಬಿಡುವಿಗೆ ಹೊಲಿಗೆ, ಕಸೂತಿ, ನೇಯ್ಗೆಯ ತರಬೇತಿಯೇ ಮದ್ದು ಎಂಬುದು ಸರ್ಕಾರದ ಹಾಗೂ ಸ್ವಯಂಸೇವಾ ಸಂಸ್ಥೆಗಳ ಬಹುಕಾಲದ ನಂಬಿಕೆ. ನಂಬಿಕೆ ತಪ್ಪಲ್ಲ. ಪ್ರಮಾಣಪತ್ರ ಕೈಗೆ ಬಂದ ಮರುದಿನ ಏನು ಎಂಬುದು ಮಾತ್ರ ಬಗೆಹರಿಯದ ಪ್ರಶ್ನೆ.

ಈ ಭಾಗಕ್ಕೆ ಕೈಕಸುಬು ಹೊಸತೇನಲ್ಲ. ಕೊಪ್ಪಳಕ್ಕೆ ಹೊಂದಿಕೊಂಡಿರುವ ಭಾಗ್ಯನಗರ ನೇಕಾರರ ಊರು. ಕುಷ್ಟಗಿ ತಾಲೂಕಿನ ದೋಟಿಹಾಳದ ಕಡೆ ಇಳಕಲ್ಲ ಸೀರೆಯ ಮಗ್ಗಗಳಿವೆ. ಕಂಡಿಕೆ ಸುತ್ತುವುದು, ಹಾಸು ಸಿದ್ಧಪಡಿಸುವುದು ಮುಂತಾದ ಕೆಲಸ ಬಹುತೇಕ ಹೆಣ್ಣುಮಕ್ಕಳದೇ. ಅದಕ್ಕೆ ಪ್ರತ್ಯೇಕ ಕೂಲಿ ಸಿಗುವುದು ಅಪರೂಪ. 2019-20ರ ನಾಲ್ಕನೇ ಅಖಿಲ ಭಾರತ ಕೈಮಗ್ಗ ಗಣತಿಯಂತೆ ದೇಶದ ಸುಮಾರು 35 ಲಕ್ಷ ಕೈಮಗ್ಗ ಕಾರ್ಮಿಕರಲ್ಲಿ 25 ಲಕ್ಷಕ್ಕೂ ಹೆಚ್ಚು ಮಂದಿ ಮಹಿಳೆಯರು. ಮೂರರಲ್ಲಿ ಎರಡು ಪಾಲು ನೇಕಾರ ಕುಟುಂಬಗಳ ಮಾಸಿಕ ಆದಾಯ 5,000 ರೂ. ಮುಟ್ಟಿರಲಿಲ್ಲ. ಕುಶಲತೆಯ ಕೊರತೆಯಿಂದ ಬಂದ ಬಡತನ ಇದಲ್ಲವೆಂಬುದು ಸ್ಪಷ್ಟ.

ಕಸೂತಿಯನ್ನೇ ನೋಡಿ. ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳಲ್ಲಿ, ಬಟ್ಟೆಯ ಮೇಲೆ ಗೆರೆ ಎಳೆಯದೆ, ಎಳೆಗಳನ್ನು ಎಣಿಸಿಯೇ ಗೋಪುರ, ತೇರು, ಆನೆ ಮೂಡಿಸಬೇಕು. ತುಂಬು ಕಸೂತಿಯ ಸೀರೆಯೊಂದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಯಂತ್ರದ ನಕಲು ಅಗ್ಗದ ದರಕ್ಕೆ ಪೇಟೆಯಲ್ಲಿ ಸಿಗುತ್ತದೆ. ಉದ್ಯೋಗ ಖಾತರಿಯಡಿ 2025-26ರಲ್ಲಿ ರಾಜ್ಯದ ದಿನಗೂಲಿ 370 ರೂ. ಇತ್ತು. ಸೂಜಿಯ ದುಡಿಮೆ ಅಷ್ಟನ್ನೂ ತರದಿದ್ದರೆ ಮಹಿಳೆ ಸಲಿಕೆ ಹಿಡಿಯುವುದೇ ಲೇಸೆಂದು ಲೆಕ್ಕ ಹಾಕಿದರೆ ಅದು ಆಕೆಯ ಜಾಣತನ.

ಭಿನ್ನವಾದ ಉದಾಹರಣೆಗಳೂ ಸಮೀಪದಲ್ಲೇ ಇವೆ. ಗಂಗಾವತಿ ಬದಿಯ ಆನೆಗೊಂದಿಯಲ್ಲಿ ಕಿಷ್ಕಿಂದಾ ಟ್ರಸ್ಟ್ ಸ್ಥಳೀಯ ಮಹಿಳೆಯರಿಗೆ ಬಾಳೆನಾರಿನ ಕರಕುಶಲ ಕಲಿಸಿತು. ನಾರು ತೋಟದ್ದು, ಗಿರಾಕಿ ಹಂಪಿಯ ಪ್ರವಾಸಿ. ಸಂಡೂರು ಕುಶಲ ಕಲಾ ಕೇಂದ್ರದ ಲಂಬಾಣಿ ಮಹಿಳೆಯರ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ಸಂದರ್ಭದಲ್ಲಿ 1,755 ಲಂಬಾಣಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಬರೆಯಿತು. ಇವೆರಡೂ ಕಡೆ ಕಲಿಸಿದವರೇ ಮಾರಾಟದ ದಾರಿಯನ್ನೂ ಹುಡುಕಿದರು.

ಯೋಜನೆಗಳ ಗತಿಯೋ ವಿಚಿತ್ರ. 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮದ 18 ಕಸುಬುಗಳಲ್ಲಿ ದರ್ಜಿಗೆ ಸ್ಥಾನವಿದೆ, ಕೈಮಗ್ಗಕ್ಕೂ ಕಸೂತಿಗೂ ಇಲ್ಲ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದು ಕೌದಿ ಮಾಡುವ ವಿದ್ಯೆಯೂ ಈ ಪಟ್ಟಿಗೆ ಸೇರಿಲ್ಲ. ಅದನ್ನು ಉತ್ತರ ಕರ್ನಾಟಕದ ಅಜ್ಜಿಯರಿಗೆ ಯಾರೂ ತರಬೇತಿ ಕೊಟ್ಟು ಕಲಿಸಿದ್ದಲ್ಲ!

ಅಳವಂಡಿಯಂಥ ಕಡೆ ಶಾಲಾ ಸಮವಸ್ತ್ರದ ಹೊಲಿಗೆ, ವಸತಿ ನಿಲಯಗಳಿಗೆ ಹೊದಿಕೆ ಇವುಗಳ ಬೇಡಿಕೆಯನ್ನು ಸ್ತ್ರೀಶಕ್ತಿ ಸಂಘಗಳಿಗೆ ವರ್ಷದ ಮೊದಲೇ ಲಿಖಿತವಾಗಿ ನೀಡಲು ಜಿಲ್ಲಾ ಪಂಚಾಯತಿಗೆ ದೊಡ್ಡ ಅನುದಾನವೇನೂ ಬೇಕಿಲ್ಲ. ಬೇಡಿಕೆ ಪತ್ರ ಮೊದಲು ಬರಲಿ, ತರಬೇತಿ ಶಿಬಿರದ ಉದ್ಘಾಟನೆ ಅನಂತರವಾಗಲಿ.