ನೆಲದಡಿಯ ನೀರೂ ಬೆಳಕಿನ ಸ್ಪಂದವೂ

ನಂಜನಗೂಡಿನಿಂದ ಚಾಮರಾಜನಗರಕ್ಕೆ ಹೋಗುವ ರೈಲುದಾರಿಯಲ್ಲಿ ಕವಲಂದೆ ಎಂಬ ಊರಿದೆ. ಆ ಸೀಮೆಯ ನೆಲದಡಿ ಕಗ್ಗಲ್ಲು. ನೀರು ನಿಲ್ಲುವುದು ಅದರ ಬಿರುಕುಗಳಲ್ಲಿ. ಅಲ್ಲಿ ಅಂತರ್ಜಲವು 10 ಮೀಟರು ಕುಸಿಯಿತೆಂದೂ, ಬಂಡೆಯ ನೂರು ಪಾಲಿನಲ್ಲಿ ನೀರಿದ್ದುದು ಎರಡೇ ಪಾಲೆಂದೂ ಇಟ್ಟುಕೊಳ್ಳೋಣ. ಬರಿದಾದದ್ದು 20 ಸೆಂಟಿಮೀಟರು ದಪ್ಪದ ನೀರಿನ ಹಾಸು. ಅದರ ಆಕರ್ಷಣೆ ಇಲ್ಲವಾದುದರಿಂದ ಮೇಲ್ಗಡೆಯ ಗುರುತ್ವವು ನೂರು ಕೋಟಿಯಲ್ಲಿ ಎಂಟೊಂಬತ್ತು ಪಾಲಿನಷ್ಟು ತಗ್ಗುತ್ತದೆ. ಇಷ್ಟು ಸೂಕ್ಷ್ಮವಾದುದನ್ನು ಬಯಲಿನಲ್ಲಿ ನಿಂತು ಅಳೆಯಬಹುದೆ?

ಅದಕ್ಕೆ ಹೆಣಗುತ್ತಿರುವ ಸಾಧನಗಳಲ್ಲಿ ಪರಮಾಣು ವ್ಯತಿಕರಣಮಾಪಕವೂ ಒಂದು. 1991ರಲ್ಲಿ ಸ್ಟ್ಯಾನ್‌ಫರ್ಡಿನ ಕ್ಯಾಸೆವಿಚ್ ಮತ್ತು ಚು ಇದನ್ನು ತೋರಿಸಿಕೊಟ್ಟರು. ತಣಿಸಿದ ಪರಮಾಣುಗಳನ್ನು ನಿರ್ವಾತದಲ್ಲಿ ಬೀಳಬಿಟ್ಟು, ಮೂರು ಸಲ ಲೇಸರ್ ಬೆಳಕಿನ ಸ್ಪಂದಗಳನ್ನು ಹಾಯಿಸುತ್ತಾರೆ. ಮೊದಲನೆಯದು ಪರಮಾಣುವಿನ ತರಂಗವನ್ನು ಎರಡು ದಾರಿಗಳಾಗಿ ಒಡೆಯುತ್ತದೆ, ಎರಡನೆಯದು ಕನ್ನಡಿಯಂತೆ ಅವನ್ನು ತಿರುಗಿಸುತ್ತದೆ, ಮೂರನೆಯದು ಕೂಡಿಸುತ್ತದೆ. ಎರಡು ತರಂಗಗಳ ಪ್ರಾವಸ್ಥೆಗಳ ವ್ಯತ್ಯಾಸದಿಂದ ಗುರುತ್ವ ತಿಳಿಯುತ್ತದೆ. ಈ ಸ್ಪಂದಗಳ ಕ್ರಿಯೆಗೆ ನಮ್ಮ ರಾಮನ್ನರ ಹೆಸರೇ ಇದೆ.

ತೊಡಕು ಕನ್ನಡಿಯಲ್ಲಿದೆ. ಲೇಸರ್ ಕಿರಣವು ನಡುವೆ ಪ್ರಖರ, ಅಂಚಿನಲ್ಲಿ ಮಂದ. ಪರಮಾಣುಗಳ ವೇಗಗಳೂ ಒಂದೇ ಸಮನಲ್ಲ. ಸ್ಪಂದವು ನೂರಕ್ಕೆ ಹತ್ತರಷ್ಟು ಕಡಮೆ ತಿರುಗಿಸಿತೆಂದರೆ, ಹತ್ತು ಸಾವಿರ ಪರಮಾಣುಗಳಲ್ಲಿ ಸುಮಾರು 245 ಹಳೆಯ ಸ್ಥಿತಿಯಲ್ಲೇ ಉಳಿದುಬಿಡುತ್ತವೆ. ಇನ್ನೂ ಬಲವಾದ ಲೇಸರನ್ನು ಕೊಳ್ಳೋಣವೆಂಬುದು ಸುಲಭವಾದ ಉತ್ತರ. ಅದೊಂದನ್ನೇ ನಂಬುವುದು ಸರಿಯಲ್ಲವೆಂದು ನಮಗೆ ತೋರುತ್ತದೆ. ಕಿರಣದ ಅಂಚು ಆಗಲೂ ಅಂಚೇ!

1979ರಲ್ಲಿ ಲೆವಿಟ್ ಮತ್ತು ಫ್ರೀಮನ್ ಎಂಬುವರು ಕಾಂತೀಯ ಅನುರಣನದ ಪ್ರಯೋಗಗಳಿಗಾಗಿ ಒಂದು ಯುಕ್ತಿಯನ್ನು ಕಂಡರು. ಅರ್ಧಸುತ್ತು ತಿರುಗಿಸುವ ಒಂದು ಸ್ಪಂದದ ಬದಲು ಕಾಲು, ಅರ್ಧ, ಕಾಲು ಸುತ್ತಿನ ಮೂರನ್ನು ಬೆನ್ನುಬೆನ್ನಿಗೆ ಕೊಡುವುದು. ನಡುವಣದನ್ನು ಮಾತ್ರ ಲಂಬವಾದ ಬೇರೊಂದು ಅಕ್ಷದ ಸುತ್ತ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಅದೇ ಹತ್ತರ ಕೊರತೆಯಿದ್ದರೂ ಈಗ ಉಳಿಯುವವು 245 ಅಲ್ಲ, 6. ಆದರೆ ನಮ್ಮ ಸಾಧನಕ್ಕೆ ತಿರುಗಿದರಷ್ಟೇ ಸಾಲದು, ಎಲ್ಲ ಪರಮಾಣುಗಳ ಪ್ರಾವಸ್ಥೆಯೂ ಒಂದೇ ಬಗೆಯಲ್ಲಿ ಬದಲಾಗಬೇಕು. ಹಳೆಯ ಯುಕ್ತಿ ಅದಕ್ಕೆ ಹೊಣೆಯಾಗದು. ಆದುದರಿಂದ ಸ್ಪಂದವನ್ನು ಹತ್ತಾರು ತುಣುಕುಗಳಾಗಿ ಭಾಗಿಸಿ, ಬಗೆಬಗೆಯ ವೇಗ, ಪ್ರಖರತೆಗಳನ್ನು ಕಲ್ಪಿಸಿಕೊಂಡು, ಪ್ರತಿ ತುಣುಕನ್ನೂ ಕಂಪ್ಯೂಟರಿನಿಂದ ತಿದ್ದುತ್ತಾರೆ. ಸೌತಾಂಪ್ಟನ್ನಿನ ವಿಜ್ಞಾನಿಗಳು 2018ರಲ್ಲಿ ಇಂಥ ಕನ್ನಡಿಸ್ಪಂದಗಳ ರಚನೆಯನ್ನು ಪ್ರಕಟಿಸಿದರು. ಬೆಲೆ ತೆರದೆ ಇದು ಸಿಕ್ಕದು: ಸ್ಪಂದವು ದೀರ್ಘವಾಗುತ್ತದೆ, ಅಷ್ಟು ಹೊತ್ತಿನಲ್ಲಿ ಕೆಲವು ಪರಮಾಣುಗಳು ಬೆಳಕನ್ನು ಹೀರಿ ಉಗುಳಿ ಕೆಡುತ್ತವೆ.

ಒಬ್ಬ ರೈತನಿಗೆ ಇದಕ್ಕಿಂತ ಕೊಳವೆಬಾವಿಯೇ ಅಗ್ಗವೆಂದು ಯಾರಾದರೂ ನಕ್ಕರೆ ನಾವು ಒಪ್ಪುತ್ತೇವೆ. ಆದರೆ ಬಾವಿ ಹೇಳುವುದು ತನ್ನ ಬಿರುಕಿನ ಸುದ್ದಿಯನ್ನು. ಗುರುತ್ವ ಹೇಳುವುದು ಸುತ್ತಿನ ನೆಲದ್ದನ್ನು. ಕವಲಂದೆಯ ಬಿಸಿಲಿನಲ್ಲಿ, ಲೇಸರಿನ ಬಲ ಏರಿಳಿಯುವಲ್ಲಿ, ಗಟ್ಟಿಸ್ಪಂದದ ಅಗತ್ಯ ಪ್ರಯೋಗಶಾಲೆಗಿಂತ ಹೆಚ್ಚು.

2023ರಲ್ಲಿ ಕೇಂದ್ರ ಸರ್ಕಾರವು ರಾಷ್ಟ್ರೀಯ ಕ್ವಾಂಟಂ ಮಿಷನ್ನಿಗೆ 6,000 ಕೋಟಿ ರೂಪಾಯಿಗೂ ಮಿಕ್ಕಿ ಒಪ್ಪಿಗೆಯಿತ್ತಿತು. ಅದರ ಒಂದು ಸಣ್ಣ ಪಾಲು ಸ್ಪಂದರಚನೆಯನ್ನು ಕಲಿಸುವುದಕ್ಕಾಗಿ ತಾಲ್ಲೂಕು ಕಾಲೇಜುಗಳಿಗೂ ಬರಬೇಕೆಂಬುದು ನಮ್ಮ ಅಭಿಪ್ರಾಯ. ಇದಕ್ಕೆ ಲೇಸರು ಬೇಡ, ನಿರ್ವಾತ ಬೇಡ. ಎರಡು ಅಡ್ಡಸಾಲು, ಎರಡು ಕಂಬಸಾಲುಗಳ ಮಾತೃಕೆಗಳನ್ನು ಗುಣಿಸಲು ಬಂದರೆ ಮೊದಲ ಪಾಠ ನಡೆಯುತ್ತದೆ. ಮೇಲಿನ 245 ಮತ್ತು 6 ಎಂಬ ಅಂಕಗಳನ್ನು ನಮ್ಮ ವಾಚಕರು ಕಾಗದದ ಮೇಲೆಯೇ ತಾಳೆನೋಡಬಹುದು.