ಟಿ.ಸಿ. ಸುಟ್ಟರೆ ತಪ್ಪು ಯಾರದು?

ಹೋದ ಬೇಸಿಗೆಯಲ್ಲಿ ನಮ್ಮ ಹೊಲದ ಟಿ.ಸಿ. ಸುಟ್ಟು ಹದಿನೇಳು ದಿನ ನೀರಿಲ್ಲದೆ ಕೂತೆವು. ನನ್ನ ಅರ್ಧ ಎಕರೆ ಟೊಮೆಟೊ ಹೂವಿಗೆ ಬಂದಿತ್ತು, ನಿಂತಲ್ಲೇ ಒಣಗಿತು. ಎಲ್ಲರೂ ಸೇರಿ ಇಲಾಖೆಗೆ ಬೈದೆವು. ನಾನೂ ಕಮ್ಮಿ ಬೈಯಲಿಲ್ಲ. ಈಗ ಕೂತು ಲೆಕ್ಕ ಹಾಕಿದರೆ ಅರ್ಧ ಬೈಗುಳ ನಮಗೇ ಸೇರಬೇಕು ಅನ್ನಿಸುತ್ತೆ.

ಲೆಕ್ಕ ಇಷ್ಟೇ. ನಮ್ಮದು 63 ಕೆ.ವಿ.ಎ. ಟಿ.ಸಿ. ಅದು ಒಂದೊಂದು ಫೇಸಿಗೆ ಸುಮಾರು 84 ಆಂಪಿಯರ್ ಹೊರುತ್ತದೆ. 5 ಎಚ್.ಪಿ. ಮೋಟರು ಮೂರೂ ಫೇಸಿನಲ್ಲಿ ಓಡಿದರೆ ಒಂದೊಂದು ತಂತಿಯಿಂದ ಏಳೂವರೆ ಆಂಪಿಯರ್ ಎಳೆಯುತ್ತೆ. ಹತ್ತು ಮೋಟರಿಗೆ 75. ಟಿ.ಸಿ. ಸುಖವಾಗಿರುತ್ತೆ. ಆದರೆ ತ್ರೀ ಫೇಸ್ ಹೋದ ಮೇಲೆ ನಾವೇನು ಮಾಡ್ತೀವಿ? ಕೆಪಾಸಿಟರ್ ಡಬ್ಬಿ ಹಾಕಿ ಓಡಿಸ್ತೀವಿ. ಆಗ ಅದೇ ಮೋಟರು ಎರಡೇ ತಂತಿಯಿಂದ ಹನ್ನೆರಡು ಹದಿಮೂರು ಆಂಪಿಯರ್ ಎಳೆಯುತ್ತೆ. ಹತ್ತೂ ಜನ ಹಾಗೇ ಮಾಡಿದರೆ 120 ದಾಟಿತು. ತೊಲೆ ಹೊರುವ ಮೂವರಲ್ಲಿ ಒಬ್ಬ ಹೆಗಲು ತಪ್ಪಿಸಿದ ಹಾಗೆ. ಸುಡದೆ ಇನ್ನೇನಾದೀತು?

ಸುಡದಿದ್ದರೂ ಮೋಟರಿಗೆ ಕೇಡು ತಪ್ಪಿದ್ದಲ್ಲ. ಹೊರೆ ಸಮ ಇಲ್ಲದಿದ್ದರೆ ಓಲ್ಟೇಜೂ ಸಮ ಇರೋದಿಲ್ಲ. ಫೇಸು ಫೇಸಿನ ಮಧ್ಯೆ ನೋಡಿದಾಗ 420, 410, 385 ಬಂತು ಅನ್ನಿ. ಸರಾಸರಿ 405, ಅದಕ್ಕಿಂತ ಹೆಚ್ಚು ದೂರ ಇರುವುದು 20, ಅಂದರೆ ಹತ್ತಿರ ಹತ್ತಿರ ನೂರಕ್ಕೆ 5. ನೋಡೋಕೆ ಸಣ್ಣದು. ಅಮೆರಿಕದ ವಿದ್ಯುತ್ ಉಪಕರಣ ತಯಾರಕರ ಸಂಸ್ಥೆ ನೇಮಾದ ನಿಯಮದಲ್ಲಿ ಈ ವ್ಯತ್ಯಾಸ ನೂರಕ್ಕೆ 1 ದಾಟಬಾರದು, 5ರ ಮೇಲೆ ಮೋಟರು ಓಡಿಸಲೇ ಬಾರದು. 5 ಇರುವಾಗ 5 ಎಚ್.ಪಿ. ಮೋಟರಿಂದ ಮೂರೂಮುಕ್ಕಾಲು ಎಚ್.ಪಿ. ಕೆಲಸ ಮಾತ್ರ ತೆಗೀಬೇಕು. ನಾವು ಪೂರಾ ಐದೂ ತೆಗೀತೀವಿ, ಆಮೇಲೆ ರಿವೈಂಡಿಂಗ್ ಅಂಗಡಿಗೆ ಹೊರ್ತೀವಿ.

ಇನ್ನು ಇಲಾಖೆಯ ಅರ್ಧ. ಕೇಂದ್ರ ಲೋಕೋಪಯೋಗಿ ಇಲಾಖೆಯ ವೈರಿಂಗ್ ನಿಯಮದಲ್ಲಿ ಮೂರು ಫೇಸಿನ ಹೊರೆಯನ್ನು ಮೊದಲೇ ಸಮನಾಗಿ ಹಂಚಿಕೊಳ್ಳಬೇಕು ಎಂದಿದೆ. ಕಟ್ಟಡಕ್ಕೆ ಇರುವ ಈ ಶಿಸ್ತು ಹೊಲದ ಲೈನಿಗೆ ಯಾಕಿಲ್ಲ? ನಮ್ಮಲ್ಲಿ ತೋಟದ ಮನೆಗಳ ಸಂಪರ್ಕವೆಲ್ಲ ಕೈಗೆ ಸಿಕ್ಕಿದ ಒಂದೇ ತಂತಿಗೆ. ಒಂದು ಫೇಸಿನಲ್ಲಿ 30, ಇನ್ನೊಂದರಲ್ಲಿ 20, ಮತ್ತೊಂದರಲ್ಲಿ 10 ಆಂಪಿಯರ್ ಇದ್ದರೆ ನ್ಯೂಟ್ರಲ್ ತಂತಿಯಲ್ಲಿ 17 ಹರಿಯುತ್ತೆ. ಮೂರೂ ಸಮ ಇದ್ದರೆ ಏನೂ ಇಲ್ಲ. ಆ ನ್ಯೂಟ್ರಲ್ ಜಾಯಿಂಟು ಕಿತ್ತ ದಿನ ಹೊರೆ ಕಮ್ಮಿ ಇರುವ ಫೇಸಿನ ಮನೆಗಳಲ್ಲಿ ಬಲ್ಬು, ಟಿ.ವಿ. ಎಲ್ಲ ಹೋಗುತ್ತೆ.

ಡಬ್ಬಿ ಯಾರೂ ಖುಷಿಗೆ ಹಾಕೋದಿಲ್ಲ, ನಿಜ. ಮೂರು ಫೇಸು ನಡುರಾತ್ರಿ ಕೊಟ್ಟು, ಅದೂ ನಾಲ್ಕು ಸಲ ಕಿತ್ತರೆ ರೈತ ಏನು ಮಾಡಬೇಕು? ಹೇಳಿದಷ್ಟು ಗಂಟೆ ಸರಿಯಾಗಿ ಕೊಡಿ, ಬೇಸಿಗೆಗೆ ಮೊದಲು ಒಂದು ಸಲ ಟಾಂಗ್ ಟೆಸ್ಟರ್ ಹಿಡಿದು ಮೂರೂ ತಂತಿ ನೋಡಿ, ಮನೆಗಳ ಸಂಪರ್ಕ ಹಂಚಿ ಹಾಕಿ, ಬಂದ ಅಂಕಿಯನ್ನು ಕಂಬದ ಮೇಲೆ ಬಣ್ಣದಲ್ಲಿ ಬರೀರಿ. ಕಂಬ ಹತ್ತೋ ಕೆಲಸ ನಮ್ಮದಲ್ಲ, ಹತ್ತಲೂ ಬಾರದು. ಡಬ್ಬಿ ಬಿಚ್ಚೋದು ನಮ್ಮದು.

ನಮ್ಮ ಟಿ.ಸಿ.ಯ ಹತ್ತು ಜನರಲ್ಲಿ ಆರು ಜನ ಬಿಚ್ಚಿದ್ದೀವಿ. ನನ್ನದು ಅಟ್ಟದ ಮೇಲಿದೆ. ಉಳಿದ ನಾಲ್ವರಲ್ಲಿ ಒಬ್ಬ ನನ್ನ ತಮ್ಮನೇ. ಯುಗಾದಿಯೊಳಗೆ ಅವನ ಹತ್ತಿರ ಮಾತಾಡಬೇಕು.