ಬಸ್ ಹತ್ತೋ ಸುಂಕ: ಲೆಕ್ಕ ಕೊಡೋರ್ಯಾರು?

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನು ಫಲ ಅನ್ನೋ ಗಾದೆ ಹಳೆಯದು. ಆಗ ಸುಂಕದವನು ಕಟ್ಟೆಯ ಮೇಲೆ ಕೂತು ಕಣ್ಣಿಗಾದರೂ ಕಾಣುತ್ತಿದ್ದ. ಈಗ ಬಸ್ ಟಿಕೆಟ್ಟಿನೊಳಗೇ ಸೇರಿಕೊಂಡಿದ್ದಾನೆ!

2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಪ್ರಧಾನಿ ಮೋದಿಯವರು ಬೆಂಗಳೂರು-ಮೈಸೂರು ದಶಪಥ ಉದ್ಘಾಟಿಸಿದರು. 14ರಂದೇ ನಿಡಘಟ್ಟದವರೆಗಿನ ಭಾಗಕ್ಕೆ ಟೋಲ್ ಶುರು. ಬೆನ್ನಿಗೇ ಕೆ.ಎಸ್.ಆರ್.ಟಿ.ಸಿ.ಯು ದಶಪಥದಲ್ಲಿ ಓಡುವ ಬಸ್ಸುಗಳ ಟಿಕೆಟ್ಟಿಗೆ 'ಬಳಕೆದಾರರ ಶುಲ್ಕ' ಸೇರಿಸಿತು: ಕರ್ನಾಟಕ ಸಾರಿಗೆಗೆ 15 ರೂ., ರಾಜಹಂಸಕ್ಕೆ 18, ಮಲ್ಟಿ ಆಕ್ಸಲ್‌ಗೆ 20. ಜುಲೈ 1ರಿಂದ ಗಣಂಗೂರಿನಲ್ಲೂ ಟೋಲ್ ಬಂತು.

ರೈಲ್ವೆಯವರೂ ಹಿಂದೆ ಬಿದ್ದಿಲ್ಲ. ಹೊಸದಾಗಿ ಕಟ್ಟಿದ ನಿಲ್ದಾಣಗಳಲ್ಲಿ ರೈಲು ಹತ್ತುವವರಿಂದ ದರ್ಜೆಗೆ ತಕ್ಕಂತೆ 10ರಿಂದ 50 ರೂ., ಇಳಿಯುವವರಿಂದ ಅದರಲ್ಲಿ ಅರ್ಧ ವಸೂಲು ಮಾಡುವ ಸುತ್ತೋಲೆ ಈ ಮೊದಲೇ ಹೊರಟಿತ್ತು. ರೈಲನ್ನೇ ಕಾಣದ ಮಳವಳ್ಳಿಯವರು ಅಷ್ಟರಮಟ್ಟಿಗೆ ಬಚಾವು!

ರಸ್ತೆ, ನಿಲ್ದಾಣ ಮುಗಿಲಿನಿಂದ ಉದುರುವುದಿಲ್ಲ. ಬಳಸುವವನು ಕೊಡಬೇಕು ಅನ್ನೋದರಲ್ಲಿ ತಪ್ಪೂ ಇಲ್ಲ. ಆದರೆ ಮದ್ದೂರು ವಡೆಗೆ ಕಾಸು ಕೊಟ್ಟವನ ಕೈಗೆ ವಡೆ ಬರುತ್ತದೆ. ಟಿಕೆಟ್ಟಿನ ಟೋಲ್ ದುಡ್ಡು ಹೋಗೋದು ಗೇಟಿಗೆ. ಮಳವಳ್ಳಿ ನಿಲ್ದಾಣದಲ್ಲಿ ಬಸ್ಸಿಗೆ ಕಾಯುವವನಿಗೆ ಅದರಿಂದ ಒಂದು ಕಲ್ಲುಬೆಂಚೂ ಹುಟ್ಟುವುದಿಲ್ಲ.

ದೇವನಹಳ್ಳಿಯಲ್ಲಿ ವಿಮಾನ ಹತ್ತುವವರೂ ಇಂಥದೇ ಶುಲ್ಕ ಕೊಡುತ್ತಾರೆ. ಆದರೆ ಅದೆಷ್ಟಿರಬೇಕೆಂದು ಲೆಕ್ಕಪತ್ರ ನೋಡಿ, ಅಭಿಪ್ರಾಯ ಕೇಳಿ ಗೊತ್ತು ಮಾಡಲು ಪ್ರತ್ಯೇಕ ಪ್ರಾಧಿಕಾರವೇ ಇದೆ. ಆಕಾಶದಲ್ಲಿ ಹಾರುವವರಿಗೆ ಸಿಕ್ಕ ಮರ್ಯಾದೆ ನೆಲದ ಮೇಲೆ ನೇತಾಡಿಕೊಂಡು ಹೋಗುವವರಿಗೂ ಬೇಡವೇ ಸ್ವಾಮಿ?

ನಾಳೆ ಬಸ್ ನಿಲ್ದಾಣದ ಹೆಸರಲ್ಲೂ ತಲೆಗಿಷ್ಟು ಎಂದು ಕೀಳಲು ಹೊರಟರೆ ಮೊದಲ ಏಟು ದಿನಾ ಮದ್ದೂರಿಂದ ಮಂಡ್ಯಕ್ಕೆ ಓಡಾಡುವ ಕೂಲಿಯವನಿಗೆ, ಕಾಲೇಜು ಹುಡುಗನಿಗೆ. ಮೈಸೂರಿಗೆ ಹೋಗುವವನಿಗೂ ಅವನಿಗೂ ಒಂದೇ ಶುಲ್ಕ ಅಂದರೆ ಅದ್ಯಾವ ನ್ಯಾಯ? 2023ರ ಜೂನ್ 11ರಂದು ಬಂದ 'ಶಕ್ತಿ' ಯೋಜನೆಯಲ್ಲಿ ಹೆಣ್ಣುಮಕ್ಕಳದು ಉಚಿತ ಪ್ರಯಾಣ. ಅವರಿಂದ ಶುಲ್ಕ ಕಿತ್ತರೆ ಉಚಿತ ಅನ್ನೋದು ಹೆಸರಿಗಷ್ಟೇ. ಬಿಟ್ಟರೆ ಪೂರಾ ಹೊರೆ ಗಂಡಸರ ಜೇಬಿಗೆ.

ಕೇಳಲೇಬೇಕಿದ್ದರೆ ದೂರ ನೋಡಿ ಕೇಳಲಿ, ಹತ್ತಿರದ ಊರಿಗೆ ಮಾಫಿ ಮಾಡಲಿ. ಟಿಕೆಟ್ಟಿನಲ್ಲಿ ಬೇರೆಯಾಗಿ ಅಚ್ಚು ಹಾಕಲಿ. ಯಾವ ನಿಲ್ದಾಣದಲ್ಲಿ ಎಷ್ಟು ಬಂತು, ಅಲ್ಲೇ ಎಷ್ಟು ಖರ್ಚಾಯಿತು ಅನ್ನೋದನ್ನ ತಿಂಗಳು ತಿಂಗಳು ಬೋರ್ಡಿನಲ್ಲಿ ಬರೆದು ಹಾಕಲಿ. ಆಗ ಜನ ಗೊಣಗದೆ ಕೊಟ್ಟಾರು.

ಲೆಕ್ಕವಿಲ್ಲದ ವಸೂಲಿಗೆ ಶುಲ್ಕ ಅನ್ನೋದಿಲ್ಲ, ಸುಲಿಗೆ ಅಂತಾರೆ. ಸಂಬಂಧಪಟ್ಟವರು ಕಿವಿಗೆ ಹಾಕಿಕೊಳ್ಳುವರೇ?